ಚುಕ್ಕೆಯ ನಂತರ ಎರಡು

“ಈ ಮಿಷನಿಗೆ ವಾಕ್ಯ ಎಲ್ಲಿ ಮುಗೀತದೆ ಅಂತ ಗೊತ್ತುಂಟು ಮಾರಾಯ್ರೆ!” ಎಂದು ಅಚ್ಚುತ ಕಂಪ್ಯೂಟರಿನ ತಲೆ ಸವರಿದ. “ಬೇಡದ ವಾಕ್ಯದ ಮೇಲೆ ಈ ಮಿನುಗುವ ಗೆರೆಯನ್ನು ತಂದು ನಿಲ್ಲಿಸುದು, ಈ ಕೀ ಒತ್ತುದು. ಅದೊಂದೇ ವಾಕ್ಯ ಹೋಗ್ತದೆ. ಬಾಕಿ ಎಲ್ಲ ಇದ್ದ ಹಾಗೇ ಇರ್ತದೆ.”

ಎಂಬತ್ತೆಂಟರ ಮೇ ತಿಂಗಳು. ಸುಳ್ಯ ಪೇಟೆಯ ಕುಶಾಲಪ್ಪನವರ ಟೈಪಿಂಗ್ ಶಾಲೆಗೆ ಕಂಪ್ಯೂಟರ್ ಮಾರಲು ಅಚ್ಚುತ ಮಂಗಳೂರಿನಿಂದ ಜೀಪು ಮಾಡಿಕೊಂಡು ಬಂದಿದ್ದ. ಹೊಸ ಯಂತ್ರಕ್ಕೆ ಜಾಗ ಬಿಟ್ಟುಕೊಟ್ಟು ಹತ್ತು ಟೈಪ್‌ರೈಟರುಗಳು ಮೂಲೆ ಸೇರಿದ್ದವು. ಅವುಗಳ ಪಕ್ಕದಲ್ಲೇ ನಿಂತಿದ್ದರು ವಾರಿಜಾಕ್ಷಿ ಟೀಚರ್. ಹನ್ನೊಂದು ವರ್ಷದಿಂದ ಅಲ್ಲಿ ಟೈಪಿಂಗ್ ಕಲಿಸುತ್ತಿದ್ದವರು.

“ನೋಡಿಯೇಬಿಡುವ” ಎಂದು ಕುಶಾಲಪ್ಪ ಜೇಬಿನಿಂದ ಒಂದು ಚೀಟಿ ತೆಗೆದು ಇಂಗ್ಲಿಷಿನಲ್ಲಿ ಕುಟ್ಟತೊಡಗಿದರು. ಟೈಪಿಂಗ್ ಶಾಲೆಯ ಯಜಮಾನರು ಹೌದು, ಆದರೆ ಕುಟ್ಟುವುದು ಮಾತ್ರ ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ. ಟೀಚರ್ ಹಿಂದಿನಿಂದ ಓದಿಕೊಂಡರು. ಅದು ಶಾಲೆಯ ಬೋರ್ಡಿಗೆ ಹಾಕುವ ನೋಟೀಸು. ಜೂನ್ ಒಂದರಿಂದ ಇಲ್ಲಿ ಕಂಪ್ಯೂಟರ್ ತರಗತಿ ಆರಂಭ, ಎಂದಿತು ಮೊದಲ ವಾಕ್ಯ. ಕೆ. ವಾರಿಜಾಕ್ಷಿಯವರನ್ನು ಅಂದಿನಿಂದ ವಂದನೆಗಳೊಂದಿಗೆ ಕೆಲಸದಿಂದ ಬಿಡುಗಡೆ ಮಾಡಲಾಗಿದೆ, ಎಂದಿತು ಎರಡನೆಯದು. ಆಸಕ್ತರು ಆಫೀಸಿನಲ್ಲಿ ಹೆಸರು ಕೊಡಬೇಕು ಎನ್ನುವುದು ಮೂರನೆಯದು.

ತಮ್ಮ ಹೆಸರು ಒಂದೊಂದೇ ಹಸಿರು ಅಕ್ಷರವಾಗಿ ಮೂಡಿ, ನೋಡನೋಡುತ್ತಲೇ ಕೆಲಸ ಕಳೆದುಕೊಂಡದ್ದನ್ನು ಟೀಚರ್ ಕಣ್ಣಾರೆ ಕಂಡರು. ಮನೆಯಲ್ಲಿ ಸುಮ್ಮನೆ ಕೂತು ಅಭ್ಯಾಸವಿದ್ದವರಲ್ಲ ಅವರು. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದ ಮನುಷ್ಯ ಯಂತ್ರದ ಕೈಯಲ್ಲಿ ಹೇಳಿಸುತ್ತಿದ್ದಾರಲ್ಲ! ದುಃಖಕ್ಕಿಂತ ಮೊದಲು ಸಿಟ್ಟೇ ಬಂತು. ಆ ಸಿಟ್ಟಿನ ನಡುವೆಯೂ ಅವರ ಕಿವಿಗೆ ಇನ್ನೊಂದು ಸಂಗತಿ ಚುಚ್ಚುತ್ತಿತ್ತು. ಇಷ್ಟು ವರ್ಷ ಹೇಳಿ ಹೇಳಿ ಸಾಕಾದರೂ ಈ ಮನುಷ್ಯ ವಾಕ್ಯ ಮುಗಿಸುವ ಚುಕ್ಕೆಯ ನಂತರ ಸ್ಪೇಸ್ ಎರಡು ಸಲ ಹೊಡೆಯದೆ ಒಂದೇ ಸಲ ಹೊಡೆಯುತ್ತಿದ್ದರು.

“ಈಗ ಕೊನೆಯ ವಾಕ್ಯ ತೆಗೀರಿ” ಎಂದ ಅಚ್ಚುತ. ಕುಶಾಲಪ್ಪ ಕೀ ಒತ್ತಿದರು. ಕೊನೆಯ ವಾಕ್ಯ ಹೋಯಿತು. ಅದರ ಜೊತೆ ಟೀಚರೂ ಹೋದರು, ಕಂಪ್ಯೂಟರ್ ತರಗತಿಯೂ ಹೋಯಿತು. ಪರದೆ ಪೂರ್ತಿ ಖಾಲಿ.

“ಎಂತ ಮಾರಾಯ ಇದು! ವಾಕ್ಯ ಗೊತ್ತುಂಟು ಅಂತ ಹೇಳಿದ್ದಲ್ವಾ ನೀನು? ಇಡೀ ನೋಟೀಸನ್ನೇ ನುಂಗಿತು!”

ಅಚ್ಚುತ ಬೆವರಿದ. ಚೀಲದಿಂದ ದಪ್ಪ ಪುಸ್ತಕವೊಂದನ್ನು ತೆಗೆದು ಗಡಿಬಿಡಿಯಲ್ಲಿ ಹಾಳೆ ತಿರುವಿದ. “ಹಾಂ, ಇಲ್ಲುಂಟು. ಚುಕ್ಕೆಯ ನಂತರ ಎರಡು ಖಾಲಿ ಜಾಗ ಇದ್ರೆ ವಾಕ್ಯ ಮುಗಿಯಿತು ಅಂತ ಇದರ ಲೆಕ್ಕ. ನೀವು ಒಂದೊಂದೇ ಬಿಟ್ಟದ್ದು. ಹಾಗೆ ಮೂರೂ ಸೇರಿ ಒಂದೇ ವಾಕ್ಯ ಅಂತ ಎಣಿಸಿತು.”

“ಯಾಕೆ, ಚುಕ್ಕೆ ಕಂಡ್ರೆ ಸಾಲದಾ ಅದಕ್ಕೆ?”

“ಸಾಲುದಿಲ್ಲ ಕುಶಾಲಣ್ಣ” ಎಂದರು ಟೀಚರ್, ಮೂಲೆ ಬಿಟ್ಟು ಮುಂದೆ ಬರುತ್ತ. “ಬರೀ ಚುಕ್ಕೆಯನ್ನು ನಂಬಿದ್ರೆ ‘ಕೆ. ವಾರಿಜಾಕ್ಷಿ’ಯಲ್ಲಿ ಕೆ ಅಂತ ಹೇಳುವಾಗಲೇ ವಾಕ್ಯ ಮುಗೀತದೆ. ಇನಿಷಿಯಲ್ಲಿಗೆ ಒಂದು, ವಾಕ್ಯಕ್ಕೆ ಎರಡು. ನಮ್ಮ ಮೂರನೇ ಪಾಠ ಅದು. ಎರಡು ಬಿಟ್ರೆ ಕಾಗದ ದಂಡ ಅಂತ ನೀವೇ ಬೈಯುದಲ್ವಾ?”

ಅಚ್ಚುತನಿಗೆ ಹೋದ ಜೀವ ಬಂತು. “ಅಬ್ಬ! ಹಾಗಾದ್ರೆ ನೀವೇ ಒಮ್ಮೆ ಹೊಡೆದು ತೋರಿಸಿ ಟೀಚರ್. ಕರೆಂಟು ಹೋಗುವ ಮೊದಲು.”

ಟೀಚರ್ ಸೆರಗು ಸಿಕ್ಕಿಸಿ ಕುಳಿತರು. ಕಣ್ಣು ಚೀಟಿಯ ಮೇಲೆ, ಬೆರಳು ಕೀಗಳ ಮೇಲೆ. ತಮ್ಮದೇ ಬಿಡುಗಡೆಯ ನೋಟೀಸನ್ನು ಒಂದೂ ತಪ್ಪಿಲ್ಲದೆ ಒಂದೇ ಉಸಿರಿಗೆ ಹೊಡೆದರು. ಪ್ರತಿ ವಾಕ್ಯದ ಕೊನೆಗೆ ಹೆಬ್ಬೆರಳು ಟಕ್ ಟಕ್ ಎಂದು ಎರಡು ಸಲ ಬೀಳುತ್ತಿತ್ತು. ಹತ್ತು ಮಿಷನು ಒಟ್ಟಿಗೆ ಬಡಿಯುವಾಗಲೂ, ಯಾರು ಎರಡನೇ ಟಕ್ ಮರೆತರು ಎಂದು ಬೆನ್ನು ತಿರುಗಿಸಿ ನಿಂತೇ ಹೇಳುತ್ತಿದ್ದ ಟೀಚರ್ ಅವರು.

“ಈಗ ಇಷ್ಟ ಬಂದ ವಾಕ್ಯ ತೆಗೀರಿ” ಎಂದ ಅಚ್ಚುತ. ಪಾಪ, ಈ ವಾರಿಜಾಕ್ಷಿ ಯಾರೆಂದೇ ಅವನಿಗೆ ಗೊತ್ತಿರಲಿಲ್ಲ.

“ಯಾವುದಾದ್ರೂ ಆಗ್ತದಾ?” ಎಂದು ಟೀಚರ್ ಕೇಳಿದ್ದು ಅವನನ್ನು, ನೋಡಿದ್ದು ಕುಶಾಲಪ್ಪನವರನ್ನು. ಕುಶಾಲಪ್ಪನವರಿಗೆ ಎಲ್ಲಿಲ್ಲದ ಕೆಮ್ಮು ಬಂತು. ಟೀಚರ್ ಗೆರೆಯನ್ನು ನಡುವಿನ ವಾಕ್ಯಕ್ಕೆ ತಂದು ಕೀ ಒತ್ತಿದರು. ಬಿಡುಗಡೆ, ವಂದನೆ ಎಲ್ಲ ಮಾಯ. ಕಂಪ್ಯೂಟರ್ ತರಗತಿಯೂ ಆಸಕ್ತರೂ ಏನೂ ಆಗದವರಂತೆ ಹತ್ತಿರ ಹತ್ತಿರ ಬಂದು ನಿಂತರು.

“ನೋಡಿ, ನೋಡಿ!” ಅಚ್ಚುತ ಚಪ್ಪಾಳೆ ತಟ್ಟಿದ. “ಅಲ್ಲೊಂದು ವಾಕ್ಯ ಇತ್ತು ಅಂತಲೇ ಗೊತ್ತಾಗುದಿಲ್ಲ!”

ಕುಶಾಲಪ್ಪ ಮೊದಲು ನಾಚಿದರು, ಆಮೇಲೆ ತಡೆಯಲಾರದೆ ನಕ್ಕೇಬಿಟ್ಟರು. “ಅಲ್ಲ ಟೀಚರೇ, ಇದನ್ನು ಇನ್ನು ಮಕ್ಕಳಿಗೆ ಕಲಿಸುದು ಯಾರು?”

“ಎರಡು ಹೊಡೀಲಿಕ್ಕೆ ಗೊತ್ತಿದ್ದವರು.”

“ಸ್ವಲ್ಪ ಏಳಿ” ಎಂದು ಕುಶಾಲಪ್ಪ ಕುರ್ಚಿಗೆ ಬಂದರು. ತರಗತಿ ಆರಂಭ ಎಂಬ ಮೊದಲ ವಾಕ್ಯದ ಕೊನೆಗೆ ಗೆರೆಯನ್ನು ತಂದು, ಅಲ್ಲಿದ್ದ ಎರಡು ಖಾಲಿ ಜಾಗದಲ್ಲಿ ಒಂದನ್ನು ಅಳಿಸಿದರು. ಆಮೇಲೆ ಒಂದೇ ಬೆರಳಿನಲ್ಲಿ ಕುಟ್ಟಿದರು: ಕೆ. ವಾರಿಜಾಕ್ಷಿಯವರೇ ಕಲಿಸುತ್ತಾರೆ.

ಟೀಚರ ಕಣ್ಣು ತುಂಬಿತು. ಆದರೂ ಟೀಚರ್ ಟೀಚರೇ. “ಕುಶಾಲಣ್ಣ, ಕ್ಲಾಸಿಗೂ ನನಗೂ ನಡುವೆ ಸ್ಪೇಸ್ ಒಂದೇ ಆಯ್ತು. ಇನ್ನೊಂದು ಹೊಡೀರಿ.”

“ಬೇಡ, ಒಂದೇ ಇರ್ಲಿ” ಎಂದರು ಕುಶಾಲಪ್ಪ. “ಇನ್ನೊಮ್ಮೆ ನಾನು ನಿಮ್ಮನ್ನು ತೆಗೀಲಿಕ್ಕೆ ಹೊರಟ್ರೆ, ನನ್ನ ಕ್ಲಾಸೂ ಒಟ್ಟಿಗೇ ಹೋಗ್ಲಿ!”