ಬೇಡವೆಂದು ಬರೆಸದ ಮುಖ

ಠಾಣೆಯ ಗೋಡೆಯ ಮೇಲೆ ಯಂತ್ರ ಬಿಡಿಸಿದ ಮುಖವನ್ನು ಕಂಡು, ‘ಇವನೇ ಕಳ್ಳ’ ಎಂದು ತಲೆಯಾಡಿಸಿದವರಲ್ಲಿ ನೀವೂ ಒಬ್ಬರಲ್ಲವೇ?

ನಮ್ಮ ಊರಿನಲ್ಲಿ ಈಗ ಸಾಕ್ಷಿಯ ಮಾತಿನಿಂದ ಯಂತ್ರ ಬಿಡಿಸಿದ ಚಿತ್ರವೇ ಪುರಾವೆ. ತನ್ನ ಬಳೆ ಅಂಗಡಿ ಒಡೆದು ಕದ್ದವನ ವಿವರ ಹೇಳಲು ನೀಲವ್ವ ತನ್ನ ತಮ್ಮ ಈರಪ್ಪನೊಡನೆ ಠಾಣೆಗೆ ಬಂದಿದ್ದಳು. ಈರಪ್ಪ ಯಂತ್ರದ ಕ್ಯಾಮೆರಾದ ಎದುರಿಗೇ ನಿಂತಿದ್ದ.

“ಬೆನ್ನಷ್ಟ ನೋಡೇನ್ರೀ ಸಾಹೇಬ್ರ. ನೀಲಿ ಅಂಗಿ, ಎತ್ತರದ ಆಳು.”

ಠಾಣೆಯ ರೈಟರ್ ಅಷ್ಟನ್ನೇ ಯಂತ್ರಕ್ಕೆ ಬರೆದ. ಚಿತ್ರದಲ್ಲಿ ಏನಿರಬೇಕೆಂಬುದರ ಜೊತೆಗೆ ಏನಿರಬಾರದೆಂದೂ ಬರೆಯುವುದು ನಿಯಮ.

“ಮುಖ ನೋಡಿಲ್ರೀ, ಮುಖ ಬ್ಯಾಡ ಅಂತ ಬರೀರಿ,” ಎಂದಳು ನೀಲವ್ವ.

“ಅದನ್ನೆಲ್ಲಾ ಯಾರ ಬರೀತಾರಬೇ? ಊಟದ ಹೊತ್ತಾತು,” ಎಂದು ಅವನು ಗುಂಡಿ ಒತ್ತಿದ.

ಹೇಳದೆ ಬಿಟ್ಟದ್ದನ್ನು ಯಂತ್ರ ಖಾಲಿ ಬಿಡುವುದಿಲ್ಲ. ತನ್ನ ಕ್ಯಾಮೆರಾಕ್ಕೆ ಕಂಡ ಮುಖದಿಂದ ತುಂಬಿಕೊಳ್ಳುತ್ತದೆ. ಪರದೆಯಲ್ಲಿ ನೀಲಿ ಅಂಗಿಯವನು ನಿಧಾನವಾಗಿ ಮೂಡಿದ. ಹುಬ್ಬಿನ ಗಾಯದ ಗುರುತಿನ ಸಮೇತ ಅವನು ಈರಪ್ಪನೇ ಆಗಿದ್ದ.

“ಯಕ್ಕಾ, ನಾ ಅಲ್ಲಂತ ಹೇಳ!”

“ಇವ ನನ್ನ ತಮ್ಮ ಅದಾನ್ರೀ!”

“ಚಿತ್ರ ಬಂದ ಮ್ಯಾಲ ಮುಗೀತವ್ವಾ,” ಎನ್ನುತ್ತ ಠಾಣೆಯ ಪೇದೆ ಸೊಂಟದಿಂದ ಕೈಕೋಳ ಹೊರತೆಗೆದ.

ನಾಳೆ ನಿಮ್ಮನ್ನೂ ಸಾಕ್ಷಿಗೆ ಕರೆಯುತ್ತಾರೆ. ಕಂಡದ್ದನ್ನು ಹೇಳಿ ಸುಮ್ಮನಾಗಬೇಡಿ. ಕಾಣದ್ದನ್ನು ಬೇಡವೆಂದು ಬರೆಸಿ, ಬರೆದದ್ದನ್ನು ಓದಿಸಿ ಕೇಳಿ. ಅಲ್ಲಿಯವರೆಗೆ ಆ ಗುಂಡಿಯ ಮೇಲೆ ಯಾರಿಗೂ ಬೆರಳಿಡಲು ಬಿಡಬೇಡಿ.