ಕುಂಕುಮದ ಗೆರೆ

ಚಂದ್ರನ ಮೇಲಿನ ಆ ಊರಿನಲ್ಲಿ ಭೂಮಿ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಭೂಮಿಯನ್ನು ಒಮ್ಮೆ ಸುತ್ತಿ ಬರುವಷ್ಟರಲ್ಲಿ ಚಂದ್ರ ತಾನೂ ಒಂದೇ ಸುತ್ತು ತಿರುಗುವುದರಿಂದ, ಭೂಮಿ ಆಕಾಶದಲ್ಲಿ ಒಂದೇ ಕಡೆ ನಿಂತಿರುತ್ತದೆ. ಹೆಂಗಸರು ಕಿಟಕಿಯ ಗಾಜಿನ ಮೇಲೆ ಅದರ ಸುತ್ತ ದುಂಡಗೆ ಕುಂಕುಮದ ಗೆರೆ ಎಳೆದು ಕೈಮುಗಿಯುತ್ತಾರೆ. ಕೊಂಚ ತೂಗಾಡಿದರೂ ಭೂಮಿ ಆ ಗೆರೆ ದಾಟಿದ್ದೇ ಇಲ್ಲ.

ಇವತ್ತು ಗೆರೆಯೊಳಗೆ ಬರೀ ಕತ್ತಲಿತ್ತು; ಭೂಮಿ ಗೆರೆಯಾಚೆ ಹೊಳೆಯುತ್ತಿತ್ತು.

"ಗಾಜು ಒರೆಸೋಕೆ ಹೋಗಿ ಗೆರೆ ಅಳಿಸಿ, ಇನ್ನೆಲ್ಲೋ ಎಳೆದಿದ್ದೀಯಲ್ಲೇ!" ಅತ್ತೆ ಗದರಿದಳು.

"ನಾನು ಮುಟ್ಟೇ ಇಲ್ಲ ಅತ್ತೆ," ಎಂದಳು ಸೊಸೆ.

"ಹಂಗಾದ್ರೆ ಭೂಮೀನೇ ಜರುಗಿತಾ?"

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಪಕ್ಕದ ಮನೆಯಾಕೆ ಸಿಟ್ಟಿನಿಂದ ನಿಂತಿದ್ದಳು.

"ನೋಡ್ರೀ, ನನ್ನ ಸೊಸೆ ಕಿಟಕಿ ಗೆರೆ ಅಳಿಸಿ ಬೇರೆ ಕಡೆ ಎಳೆದಿದ್ದಾಳೆ. ಕೇಳಿದ್ರೆ, ಮುಟ್ಟೇ ಇಲ್ಲ ಅಂತಾಳೆ!"