ಭಾವಮೈದನ ಮೀನಿಗಿಂತ ದೊಡ್ಡದು

ಹೋದ ತಿಂಗಳು ನನ್ನ ಭಾವಮೈದ ಗಾಳ ಹಾಕುವುದನ್ನು ಕಲಿತು, ಹಿಡಿದ ಮೀನನ್ನು ಎದೆಗಪ್ಪಿಕೊಂಡು ಫೋಟೋ ಕಳಿಸಿದ. ಹೆಂಡತಿ ಅದನ್ನು ಕಾಫಿ ಕೊಡುವಾಗ ಒಮ್ಮೆ, ಊಟ ಬಡಿಸುವಾಗ ಇನ್ನೊಮ್ಮೆ ನನಗೆ ತೋರಿಸಿದಳು. ಇನ್ನು ಸುಮ್ಮನಿರುವುದು ಹೇಗೆ? ನಾನೂ ಅದೇ ಕೆರೆಗೆ ಕಲಿಯಲು ಹೋದೆ. ಹೋದವನೇ ಕಲಿಸುವ ಮೇಡಂಗೆ ಆ ಫೋಟೋ ತೋರಿಸಿ, "ಇದಕ್ಕಿಂತ ದೊಡ್ಡದು ಬೇಕು" ಅಂದೆ. ಅವರು ನಕ್ಕರು.

ಅಲ್ಲಿ ಗಾಳಕ್ಕೆ ಎರೆಹುಳ ಚುಚ್ಚುವಂತಿಲ್ಲ. ಕೋಳಿಗರಿಯಲ್ಲಿ ಕಟ್ಟಿದ ಸುಳ್ಳು ನೊಣವನ್ನು, ನಿಜವಾದ ನೊಣ ಬಂದು ಕೂತಂತೆ ನೀರಿನ ಮೇಲೆ ಇಳಿಸಬೇಕು. ಸಿಕ್ಕಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕು.

ನನ್ನ ನೊಣ ಮೊದಲು ಬೆನ್ನ ಹಿಂದಿನ ಸೀಬೆಮರವನ್ನು ಹಿಡಿಯಿತು. ಆಮೇಲೆ ನನ್ನದೇ ಟೋಪಿಯನ್ನು. ಆಮೇಲೆ ಮೇಡಂ ಅವರ ದುಪಟ್ಟಾವನ್ನು.

"ಸರ್, ನೊಣ ಓಡಿಸೋದಲ್ಲ, ಕೂರಿಸೋದು" ಅಂದರು ಅವರು, ದುಪಟ್ಟಾ ಬಿಡಿಸಿಕೊಳ್ಳುತ್ತಾ.

ಊಟದ ಹೊತ್ತಿಗೆ ದಾರ ಜಗ್ಗಿತು. ಗಾಳದ ಕೋಲು ಬಾಗಿತು. ನಾನು ಮಗುವಿನಂತೆ ಕಿರುಚಿ, ಪ್ಯಾಂಟು ತೊಟ್ಟಂತೆಯೇ ಸೊಂಟದ ತನಕ ನೀರಿಗಿಳಿದು, ಮೀನನ್ನು ಎತ್ತಿ ಎದೆಗಪ್ಪಿಕೊಂಡೆ.

"ಫೋಟೋ ತೆಗೀರಿ ಮೇಡಂ, ಬೇಗ! ನಮ್ಮ ಭಾವಮೈದನ ಮೀನಿಗಿಂತ ಇದು ದೊಡ್ಡದು, ಅಲ್ವಾ?"

ಮೇಡಂ ಫೋಟೋ ತೆಗೆದರು. ಆಮೇಲೆ ಕೈ ಒದ್ದೆ ಮಾಡಿಕೊಂಡು ಮೀನಿನ ತಲೆ ಸವರಿದರು.

"ಹೂಂ ಸರ್, ಅವರು ಹಿಡಿದಾಗಿಂದ ಸ್ವಲ್ಪ ಬೆಳೆದಿದ್ದಾಳೆ. ಮೆತ್ತಗೆ ಬಿಡಿ, ಮಧ್ಯಾಹ್ನ ಇನ್ನೊಬ್ಬರು ಹೊಸಬರು ಬರ್ತಿದ್ದಾರೆ."